ನೀರಿನ ಬಣ್ಣ ಹೇಳಬೇಡ

ಲೊರೆಟಾ ಸವಾಟ್ಸ್ಕಿ ಜೂನ್ ಹದಿನೇಳರ ಬೆಳಿಗ್ಗೆ ತನ್ನ ಕಚೇರಿಯ ಕುರ್ಚಿಯಲ್ಲೇ ಸತ್ತಳು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ಅವಳಿಗೆ ಅರವತ್ತೊಂದು ವರ್ಷ. ಮಗಳು, ಅಳಿಯ ಮತ್ತು ಎರಡು ವರ್ಷ ನಾಲ್ಕು ತಿಂಗಳ ಮೊಮ್ಮಗಳು ದೇಶದ ನಡುಬಯಲಿನ ಬ್ರ್ಯಾಂಡನ್ ಊರಿನಿಂದ ಕಾರಿನಲ್ಲಿ ಪೂರ್ವದ ಕಡಲಿಗೆ ಹೊರಡಲು ಇನ್ನು ಹದಿನೆಂಟು ದಿನ ಬಾಕಿ ಇತ್ತು.

ಶಾಂತವಾಗಿ ಹೋದಳು ಎಂದು ಚರ್ಚಿನ ನೆಲಮಾಳಿಗೆಯಲ್ಲಿ ಬನ್ನು, ಚೀಸು ತಿನ್ನುತ್ತ ಎಷ್ಟೋ ಜನ ಹೇಳಿದರು. ಅವಳು ಯಾವ ಕೆಲಸವನ್ನೂ ಶಾಂತವಾಗಿ ಮಾಡಿದವಳಲ್ಲ, ಇದನ್ನೂ ಹಾಗೆ ಮಾಡಿರಲಿಕ್ಕಿಲ್ಲ. ಕಂಪನಿ ಕಳಿಸಿದ ಹೂವಿನ ಚಕ್ರಕ್ಕೆ ಕಟ್ಟಿದ ರಿಬ್ಬನ್ನಿನ ಮೇಲೆ 'ಕೊನೆಯ ಟ್ರಿಪ್ ಮುಗಿಸಿದ ನಮ್ಮ ಲೊರೆಟಾಗೆ' ಎಂದು ಚಿನ್ನದ ಅಕ್ಷರದಲ್ಲಿ ಬರೆಸಿದ್ದರು. ಅವಳು ಜೀವಮಾನದಲ್ಲಿ ಒಂದೇ ಒಂದು ಟ್ರಿಪ್ಪನ್ನೂ ಮಾಡಿರಲಿಲ್ಲ. ಮೂವತ್ತೊಂದು ವರ್ಷ ಅವಳನ್ನು ಆ ಕುರ್ಚಿಯಲ್ಲಿ ಕೂರಿಸಿದವರಿಗೆ ಇಷ್ಟಾದರೂ ನೆನಪಿರಬೇಕಿತ್ತು.

ಊರಿನ ಪೂರ್ವದ ತುದಿಯಲ್ಲಿ, ಹೆದ್ದಾರಿಗೆ ತಾಗಿದಂತೆ ಆ ಲಾರಿ ಯಾರ್ಡು ಇದೆ. ಅಲ್ಲಿಂದ ಲಾರಿಗಳನ್ನು ಹೊರಡಿಸುವುದು, ದಾರಿಯುದ್ದಕ್ಕೂ ಅವುಗಳ ಮೇಲೆ ಕಣ್ಣಿಡುವುದು ಲೊರೆಟಾಳ ಕೆಲಸ. ಮೂವತ್ತು ಲಾರಿ, ಮೂವತ್ತು ಡ್ರೈವರು. ಹೆಪ್ಪುಗಟ್ಟಿಸಿದ ಆಲೂಗಡ್ಡೆ, ಹಂದಿಮಾಂಸ, ಕ್ಯಾನೋಲಾ ಎಣ್ಣೆ ಎಲ್ಲ ಇಲ್ಲಿಂದ ಪೂರ್ವಕ್ಕೆ ಹೋಗುತ್ತವೆ. ಬೆಳಿಗ್ಗೆ ಆರರಿಂದ ಎಂಟರೊಳಗೆ ಪ್ರತಿಯೊಬ್ಬ ಡ್ರೈವರೂ ಅವಳಿಗೆ ಫೋನು ಮಾಡಲೇಬೇಕು. ಅವಳು ಕೇಳುತ್ತಿದ್ದದ್ದು ಮೂರೇ ಪ್ರಶ್ನೆ. ಎಲ್ಲಿದ್ದೀಯ, ಕಾನೂನಿನ ಪ್ರಕಾರ ಇವತ್ತು ಓಡಿಸಲು ಎಷ್ಟು ಗಂಟೆ ಉಳಿದಿದೆ, ರಸ್ತೆ ಹೇಗಿದೆ. ಉತ್ತರ ಕೇಳಿ ಹಿಂದಿದ್ದ ಬಿಳಿ ಹಲಗೆಯ ಮೇಲೆ ಗುರುತು ಮಾಡಿ ಫೋನಿಡುತ್ತಿದ್ದಳು. ಶುಭೋದಯ ಎಂದವರಿಗೆ ಅದಕ್ಕೂ ಬೈಗುಳ ಬೀಳುತ್ತಿತ್ತು.

ಇಲ್ಲಿಂದ ಕಡಲ ದಂಡೆಯ ಹ್ಯಾಲಿಫ್ಯಾಕ್ಸಿನವರೆಗಿನ ಮೂರು ಸಾವಿರದ ಏಳುನೂರು ಕಿಲೋಮೀಟರು ಅವಳಿಗೆ ಅಂಗೈಯ ಗೆರೆಯಂತೆ ಗೊತ್ತಿತ್ತು. ಯಾವ ತಿರುವಿನಲ್ಲಿ ಫೋನಿನ ಸಂಪರ್ಕ ಸಾಯುತ್ತದೆ, ಎಲ್ಲಿ ಸಂಜೆ ಹೊತ್ತು ಕುದುರೆಯಷ್ಟೆತ್ತರದ ಮೂಸ್ ಜಿಂಕೆ ರಸ್ತೆಗೆ ಇಳಿಯುತ್ತದೆ, ಯಾವ ಪೆಟ್ರೋಲ್ ಬಂಕಿನ ಪಾಯಿಖಾನೆಯ ಚಿಲಕ ಮುರಿದು ಎರಡು ವರ್ಷವಾಯಿತು, ಎಲ್ಲವೂ. ಆದರೆ ಎಲ್ಲವೂ ಕಿವಿಯಿಂದ ಬಂದದ್ದು. ಅವಳು ನಾಲ್ಕು ಗಂಟೆ ದಾರಿಯ ಕೆನೋರಾ ಊರು ದಾಟಿ ಪೂರ್ವಕ್ಕೆ ಹೋದವಳೇ ಅಲ್ಲ. ಮಗಳಿಗೆ ನಾಲ್ಕು ವರ್ಷವಾದಾಗ ಗಂಡ ಬಿಟ್ಟು ಹೋದ. ಆಮೇಲೆ ಪ್ರತಿ ಬೇಸಿಗೆಯೂ ಲೋಡುಗಳ ಸುಗ್ಗಿ, ಪ್ರತಿ ಚಳಿಗಾಲವೂ ಹಿಮಗಾಳಿಗೆ ಮುಚ್ಚಿದ ರಸ್ತೆ. ಬೇಸಿಗೆಯಲ್ಲಿ ಅವಳಿಗೆ ಎರಡು ವಾರ ರಜೆ ಕೊಡುವುದು ಕಂಪನಿಗೆ ಮೂವತ್ತು ವರ್ಷವೂ ಆಗಲಿಲ್ಲ. ವಿಮಾನದಲ್ಲಿ ಹೋಗಬಹುದಲ್ಲ ಎಂದವರಿಗೆ, ಮೇಲಿಂದ ನೋಡಿದರೆ ಅದು ನೋಡಿದ ಹಾಗಲ್ಲ ಎನ್ನುತ್ತಿದ್ದಳು.

ಯಾವನಾದರೂ ಹೊಸ ಡ್ರೈವರು ಬೆಳಗಿನ ಫೋನಿನಲ್ಲಿ ದಾರಿಯ ಚೆಂದ ವರ್ಣಿಸಲು ಹೊರಟರೆ ಅವಳು ಅಲ್ಲೇ ಕತ್ತರಿಸುತ್ತಿದ್ದಳು. ಸುಪೀರಿಯರ್ ಸರೋವರದ ದಂಡೆಯಲ್ಲಿ ಸೂರ್ಯ ಏಳುವುದನ್ನು ನೋಡಿ ಮಾತು ತಡೆಯದ ಹುಡುಗರು ಬಹಳ ಇದ್ದರು.

"ನೀರಿನ ಬಣ್ಣ ಹೇಳಬೇಡ. ಕಿಲೋಮೀಟರ್ ಹೇಳು."

ಯಾರ್ಡಿನಲ್ಲಿ ಇದೊಂದು ನಗೆಮಾತಾಗಿತ್ತು. ಲೊರೆಟಾಳ ಎದೆಯಲ್ಲಿರುವುದು ಡೀಸೆಲ್ ಎಂದು ಡ್ರೈವರುಗಳು ಹೇಳಿಕೊಳ್ಳುತ್ತಿದ್ದರು. ಇಪ್ಪತ್ತೆರಡು ವರ್ಷ ಅವಳ ಪಕ್ಕದ ಮೇಜಿನಲ್ಲಿ ಕೂತ ನೊರೀನ್‌ಗೆ ಮಾತ್ರ ಕಾರಣ ಗೊತ್ತಿತ್ತು. ಒಮ್ಮೆ ಊಟದ ಡಬ್ಬಿ ಮುಚ್ಚುತ್ತ ಲೊರೆಟಾ ಅವಳಿಗೆ ಹೇಳಿದ್ದಳು: "ಅವರೆಲ್ಲ ನೋಡಿದ್ದನ್ನ ನಾನು ಕೇಳಿಸ್ಕೊಂಡುಬಿಟ್ರೆ, ಆಮೇಲೆ ನಾನು ಹೋಗಿ ನೋಡೋಕೆ ಏನು ಉಳಿಯುತ್ತೆ?"

ಜನವರಿಯಲ್ಲಿ, ಹೊರಗೆ ಮೈನಸ್ ಮೂವತ್ತೆರಡು ಡಿಗ್ರಿ ಇದ್ದ ಒಂದು ಭಾನುವಾರ, ಮಗಳು ಜನೆಲ್ ತಾಯಿಯ ಅಡುಗೆಮನೆಯಲ್ಲಿ ಕೂತು, ಈ ಬೇಸಿಗೆಗೆ ನಿನ್ನ ದಾರಿ ನೋಡಿಕೊಂಡು ಬರೋಣವೇ ಎಂದಳು. ನಾನು, ಗಂಡ ಕರ್ಟಿಸ್, ಮಗು ರೆನ್, ಜೊತೆಗೆ ನೀನು ಎಂದಳು. ಲೊರೆಟಾ ಎದ್ದು ಹೋಗಿ ತೊಳೆದ ಬಟ್ಟಲನ್ನೇ ಮತ್ತೆ ತೊಳೆದಳು. ಮರುದಿನ ಮಾಲೀಕನ ಮೇಜಿನ ಮೇಲೆ ಜುಲೈನ ಎರಡು ವಾರದ ರಜೆ ಅರ್ಜಿ ಇಟ್ಟಳು. ಮಾಲೀಕ ಹಳೆಯ ಮಾಲೀಕನ ಮಗ. ಚಡ್ಡಿ ಹಾಕಿಕೊಂಡು ಯಾರ್ಡಿನಲ್ಲಿ ಸೈಕಲ್ ಹೊಡೆಯುತ್ತಿದ್ದ ಕಾಲದಿಂದ ಅವನನ್ನು ಬಲ್ಲವಳು. ಅವನು ಕ್ಯಾಲೆಂಡರ್ ನೋಡಿದ, ನಿಟ್ಟುಸಿರುಬಿಟ್ಟ. ಅವಳು ಅಲ್ಲೇ ನಿಂತಿದ್ದಳು. ಸಹಿ ಹಾಕಿದ.

ನಾಲ್ಕು ತಿಂಗಳು ಅವಳು ಆ ಪ್ರಯಾಣದ ಯೋಜನೆ ಹಾಕಿದಳು. ಲಾರಿಗೆ ಹೇಗೆ ಹಾಕುತ್ತಾಳೋ ಹಾಗೆಯೇ ಹಾಕಿದಳು. ಅವಳಿಗೆ ಗೊತ್ತಿದ್ದದ್ದು ಅದೊಂದೇ ಕೆಲಸ, ಅದನ್ನು ಅವಳಷ್ಟು ಚೆನ್ನಾಗಿ ಮಾಡುವವರು ಈ ಪ್ರಾಂತ್ಯದಲ್ಲಿ ಇರಲಿಲ್ಲ. ನಾಲ್ಕೇ ದಿನದಲ್ಲಿ ಕಡಲು. ದಿನಕ್ಕೆ ಒಂಬೈನೂರು ಚಿಲ್ಲರೆ ಕಿಲೋಮೀಟರು. ಬೆಳಿಗ್ಗೆ ಐದಕ್ಕೆ ಹೊರಡುವುದು, ಮಗು ನಿದ್ದೆಯಲ್ಲಿ. ಒಂಬತ್ತು ಹತ್ತಕ್ಕೆ ಕೆನೋರಾ: ಡೈಪರ್, ಹಾಲು, ಪೆಟ್ರೋಲು, ಇಪ್ಪತ್ತು ನಿಮಿಷ. ಹೀಗೆ ಹನ್ನೊಂದು ಪುಟ. ಒದ್ದೆಯಾಗದಂತೆ ಪ್ಲಾಸ್ಟಿಕ್ ಹೊದಿಸಿ ಒಂದೊಂದು ಪ್ರತಿಯನ್ನು ಮಗಳಿಗೂ ಅಳಿಯನಿಗೂ ಕೊಟ್ಟಳು. ಕರ್ಟಿಸ್ ಪುಟ ತಿರುಗಿಸಿ ನೋಡಿ, "ರೆನ್‌ಗೆ ಇದನ್ನ ಓದೋಕೆ ಬರಲ್ವಲ್ಲ ಲೊರೆಟಾ" ಎಂದ. ಅವಳು ನಗಲಿಲ್ಲ. ಲೋಡಿಗೂ ಓದಲು ಬರುವುದಿಲ್ಲ, ಆದರೂ ಹೊತ್ತಿಗೆ ಸರಿಯಾಗಿ ತಲುಪುತ್ತದೆ ಎಂದಳು.

ಹೊಸ ದಾರಿಗೆ ಒಂದು ಪರೀಕ್ಷೆಯ ಓಟ ಆಗಬೇಕು ಎಂದು ಹಟ ಹಿಡಿದವಳೂ ಅವಳೇ. ಮೇ ತಿಂಗಳಲ್ಲಿ ಸೋಮವಾರವೂ ರಜೆ ಸೇರಿದ ವಾರಾಂತ್ಯದ ಶನಿವಾರ ನಾಲ್ವರೂ ಕೆನೋರಾಕ್ಕೆ ಹೊರಟರು. ಜನೆಲ್ ಓಡಿಸುತ್ತಿದ್ದಳು, ಕರ್ಟಿಸ್ ಪಕ್ಕದಲ್ಲಿ, ಹಿಂದಿನ ಸೀಟಿನಲ್ಲಿ ಮಗುವಿನ ಕುರ್ಚಿಯ ಬಳಿ ಲೊರೆಟಾ, ತೊಡೆಯ ಮೇಲೆ ಹನ್ನೊಂದು ಪುಟ.

ರೆನ್ ಒಂಬತ್ತು ಹತ್ತರವರೆಗೆ ಮಲಗಬೇಕಿತ್ತು. ಆರೂ ಇಪ್ಪತ್ತಕ್ಕೆ ಪೋರ್ಟೇಜ್ ಊರಿನ ಹತ್ತಿರ ಎದ್ದು, "ಕೆಳಗೆ" ಎಂದಿತು. ಕೆಳಗೆ ಇಳಿಯಬೇಕು ಎಂದು. ಜನೆಲ್ ನಿಲ್ಲಿಸೋಣ ಎಂದಳು. ಲೊರೆಟಾ ಈಗಲೇ ನಿಲ್ಲಿಸಿದರೆ ದಿನವೆಲ್ಲ ನಿಲ್ಲಿಸುತ್ತಲೇ ಇರಬೇಕಾಗುತ್ತದೆ ಎಂದು ಮಗುವಿನ ಕೈಗೆ ಬ್ಲೂಬೆರಿ ಕೊಟ್ಟಳು. ಆಮೇಲೆ ಬಿಸ್ಕತ್ತು, ಆಮೇಲೆ ಮತ್ತೆ ಬ್ಲೂಬೆರಿ. ವಿನ್ನಿಪೆಗ್ ಬಳಸಿ ಹೋಗುವ ಹೊತ್ತಿಗೆ ಮಗುವಿನ ಅಳು ಗಂಟಲು ಕಟ್ಟಿ ಬರೀ ಗಾಳಿಯಾಗಿ ಬರುತ್ತಿತ್ತು. ಜನೆಲ್ ಮೂರು ಸಲ ನಿಲ್ಲಿಸುತ್ತೇನೆ ಎಂದಳು. ಲೊರೆಟಾ ಮೂರು ಸಲವೂ ಮುಂದಿನ ನಿಲ್ದಾಣಕ್ಕೆ ಎಷ್ಟು ಕಿಲೋಮೀಟರ್ ಎಂದು ಹೇಳಿದಳು, ಲಾರಿಯವರಿಗೆ ಹೇಳುವ ದನಿಯಲ್ಲೇ. ಬಯಲು ಮುಗಿದು ಕಾಡು ಶುರುವಾಗುವಲ್ಲಿ ಮಗು ತಿಂದದ್ದೆಲ್ಲ ನೀಲಿಯಾಗಿ ಕಕ್ಕಿತು.

ಆಗ ನಿಲ್ಲಿಸಿದ್ದು ರಸ್ತೆಯ ಅಂಚಿನ ಜಲ್ಲಿಯ ಮೇಲೆ, ಆ ಹೆದ್ದಾರಿಯಲ್ಲಿ ನಿಲ್ಲಿಸಬಾರದ ಜಾಗ. ಜನೆಲ್ ಬಟ್ಟೆ ಬಿಚ್ಚುತ್ತಿದ್ದಾಗ ಮಗು ಕೈ ಜಾರಿತು. ಎರಡೂವರೆ ಗಂಟೆ ಕಟ್ಟಿಹಾಕಿದ ಯಾವ ಜೀವವಾದರೂ ಓಡುತ್ತದೆ. ಬರಿಗಾಲಿನಲ್ಲಿ ರಸ್ತೆಯ ಕಡೆಗೇ ಓಡಿತು. ಕರ್ಟಿಸ್ ನೆಗೆದು ಡೈಪರಿನ ಪಟ್ಟಿ ಹಿಡಿದು ಎಳೆದುಕೊಂಡ. ಎದುರಿಗೆ ಬಂದ ಲಾರಿಯ ಹಾರನ್ ಅವರನ್ನು ದಾಟಿದ ಮೇಲೂ ಬಹಳ ದೂರ ಕೂಗುತ್ತಲೇ ಹೋಯಿತು.

ಜನೆಲ್ ತಲೆಯೆತ್ತಿ ತಾಯಿಯನ್ನು ನೋಡಿದಳು. ಲೊರೆಟಾ ಕೈಗಡಿಯಾರ ನೋಡುತ್ತಿದ್ದಳು. ಹೌದು, ನೋಡುತ್ತಿದ್ದಳು. ಸತ್ತವಳೆಂದು ಅದನ್ನು ಮುಚ್ಚಿಟ್ಟು ಬರೆದರೆ ಅವಳೇ ಬಂದು ಕಾಗದ ಹರಿಯುತ್ತಾಳೆ.

"ನೀನು ನಮ್ಮ ಜೊತೆ ಬರ್ತಿಲ್ಲ ಅಮ್ಮ" ಎಂದಳು ಜನೆಲ್. ಕೂಗಲಿಲ್ಲ. "ಜುಲೈಗೆ ನಾವು ಮೂರೇ ಜನ ಹೋಗ್ತೀವಿ."

"ಒಂದು ಸಲ ವಾಂತಿ ಮಾಡಿದ್ದಕ್ಕಾ?"

"ವಾಂತಿಗಲ್ಲ. ನಾನು ಚಿಕ್ಕವಳಿದ್ದಾಗ ಇಡೀ ದಿನ ನೀನು ಫೋನ್ ಹಿಡ್ಕೊಂಡು ಇನ್ಯಾರನ್ನೋ ಎಲ್ಲಿದೀಯ ಎಲ್ಲಿದೀಯ ಅಂತ ಕೇಳ್ತಿದ್ದೆ. ನಾನು ಎಲ್ಲಿದೀನಿ ಅಂತ ಒಂದಿನ ಕೇಳಿದೀಯಾ? ಇವಳಿಗೂ ಅದೇ ಆಗೋದು ನಂಗೆ ಬೇಡ."

ವಾಪಸು ಬರುವಾಗ ಮಗು ಕೇಳಿದಲ್ಲೆಲ್ಲ ನಿಲ್ಲಿಸಿದರು. ಎರಡೂವರೆ ಗಂಟೆಯ ದಾರಿಗೆ ಐದೂವರೆ ಗಂಟೆ ಹಿಡಿಯಿತು. ಲೊರೆಟಾ ಮನೆಯ ಮುಂದೆ ಇಳಿದು ಕಾರಿನ ಬಾಗಿಲು ಹಾಕಿದ ಸದ್ದಿಗೆ ಎದುರು ಮನೆಯವರು ಪರದೆ ಸರಿಸಿ ನೋಡಿದರು.

ಆಮೇಲಿನ ಹತ್ತು ದಿನ ಯಾರ್ಡಿನಲ್ಲಿ ಯಾರಿಗೂ ಒಳ್ಳೆಯ ದಿನವಾಗಿರಲಿಲ್ಲ. ಅವಳು ಒಂದು ಫೋನನ್ನು ಗೋಡೆಗೆ ಎಸೆದು ಒಡೆದಳು. ಹೊಸ ಡ್ರೈವರೊಬ್ಬ ಅಳುತ್ತ ಕೆಲಸ ಬಿಟ್ಟ. ಅವಳ ಸಿಟ್ಟು ಮೊದಲು ಮಗಳ ಮೇಲಿತ್ತು. ಮೂವತ್ತು ಜನ ಗಂಡಸರನ್ನು ಹಿಮದಲ್ಲಿ ಹೆಂಡತಿ ಮಕ್ಕಳ ಹತ್ತಿರ ಜೀವಂತ ತಲುಪಿಸಿದವಳು ನಾನು, ನನಗೆ ಪಾಠ ಹೇಳಲು ಬಂದಳು ಎಂದು ನೊರೀನ್‌ಳ ಮೇಜು ಗುದ್ದಿದಳು. ಆ ಫೋನಿನಿಂದಲೇ ಅವಳ ಹಲ್ಲಿನ ತಂತಿಗೂ ಕಾಲೇಜಿಗೂ ದುಡ್ಡು ಬಂದದ್ದು ಎಂದಳು. ಇದೆಲ್ಲ ನಿಜ. ಮಗಳು ಹೇಳಿದ್ದೂ ನಿಜ. ಎರಡೂ ನಿಜವಾಗಿದ್ದದ್ದೇ ಅವಳನ್ನು ಇನ್ನಷ್ಟು ಕೆರಳಿಸಿತು. ಬೈಯಲು ಯಾರೂ ಸಿಗದಿದ್ದಾಗ ಆ ಹನ್ನೊಂದು ಪುಟಗಳನ್ನು ತೆಗೆದು ತನ್ನ ಅಕ್ಷರಗಳನ್ನೇ ಗುರಾಯಿಸುತ್ತ ಕೂರುತ್ತಿದ್ದಳು.

ಮೇ ಕೊನೆಯಲ್ಲಿ ಒಂದು ಬೆಳಿಗ್ಗೆ ಹರದೇವ್ ಗಿಲ್ ನಲವತ್ತು ನಿಮಿಷ ತಡವಾಗಿ ಫೋನು ಮಾಡಿದ. ಆರಡಿ ಮೂರಂಗುಲದ ಆಳು, ಒಂಬತ್ತು ವರ್ಷದಿಂದ ಅವಳ ಕೈಕೆಳಗೆ ಓಡಿಸುತ್ತಿದ್ದ. ಒಂದು ದಿನವೂ ತಡ ಮಾಡಿದವನಲ್ಲ. ಎಲ್ಲಿ ಸತ್ತಿದ್ದೆ ಎಂದು ಅವಳು ಕೇಳಿದಳು. ಇಗ್ನೇಸ್ ಊರಿನಲ್ಲಿ ನಿಲ್ಲಿಸಿದ್ದೆ, ಇವತ್ತು ಮಗಳ ಹುಟ್ಟಿದಹಬ್ಬ, ಅವಳು ಶಾಲೆಗೆ ಹೋಗುವ ಮುಂಚೆ ಫೋನಿನಲ್ಲಿ ಮುಖ ತೋರಿಸಬೇಕಿತ್ತು ಎಂದ. ಅದಕ್ಕೆ ನಲವತ್ತು ನಿಮಿಷ ಏಕೆ ಎಂದಳು.

"ಇಲ್ಲಿ ಒಂದು ಪಾರ್ಕಿದೆ ಬಾಸ್. ನಾನು ಉಯ್ಯಾಲೆ ಮೇಲೆ ಕೂತು ಮಾತಾಡ್ತಿದ್ದೆ. ಅವಳಿಗೆ ಅದು ನೋಡಿ ನಗು ನಿಲ್ಲಲಿಲ್ಲ. ಇಡೋಕೆ ಮನಸ್ಸಾಗಲಿಲ್ಲ."

ಲೊರೆಟಾ ಬೈಯಲು ಬಾಯಿ ತೆರೆದವಳು ಹಲಗೆಯ ಪೆನ್ನು ಕೈಗೆತ್ತಿಕೊಂಡಳು. ಪಕ್ಕದ ಮೇಜಿನಲ್ಲಿ ನೊರೀನ್ ಟೈಪು ಮಾಡುವುದನ್ನು ನಿಲ್ಲಿಸಿ ನೋಡಿದಳು.

"ಎಂಥ ಉಯ್ಯಾಲೆ?"

"ಏನು ಬಾಸ್?"

"ದೊಡ್ಡವರದ್ದಾ, ಚಿಕ್ಕ ಮಕ್ಕಳು ಕಾಲು ತೂರಿಸಿ ಕೂರೋ ಬಕೆಟ್ ಥರದ್ದಾ?"

"ಬಕೆಟ್ ಥರದ್ದೂ ಒಂದಿದೆ."

"ಹೆದ್ದಾರಿಯಿಂದ ಎಷ್ಟು ಹೆಜ್ಜೆ? ಬೇಲಿ ಇದೆಯಾ?"

ಹರದೇವ್ ಎದ್ದು ಹೋಗಿ ಹೆಜ್ಜೆ ಎಣಿಸಿ ಹೇಳಿದ. ನೂರಾ ಹತ್ತು. ಬೇಲಿ ಇತ್ತು, ಗೇಟಿನ ಕೊಂಡಿ ಸಡಿಲ. ಲೊರೆಟಾ ಬಿಳಿ ಹಲಗೆಯ ಬಲಬದಿಯಲ್ಲಿ ಒಂದು ಗೆರೆ ಎಳೆದು ಇಗ್ನೇಸ್ ಎಂದು ಬರೆದಳು, ಪಕ್ಕದಲ್ಲಿ ಗೇಟಿಗೆ ದಾರ ಎಂದು.

ಅವತ್ತಿನಿಂದ ಬೆಳಗಿನ ಫೋನಿಗೆ ನಾಲ್ಕನೆಯ ಪ್ರಶ್ನೆ ಸೇರಿತು. ಎಲ್ಲಿದ್ದೀಯ, ಎಷ್ಟು ಗಂಟೆ ಉಳಿದಿದೆ, ರಸ್ತೆ ಹೇಗಿದೆ, ಅಲ್ಲಿ ಮಗು ಇಳಿಯಲು ಏನಿದೆ. ಮೊದಮೊದಲು ಡ್ರೈವರುಗಳಿಗೆ ಇದು ತಮಾಷೆ. ಮೂರು ದಿನವಾದ ಮೇಲೆ ತಮಾಷೆಯಲ್ಲ ಎಂದು ಗೊತ್ತಾಯಿತು. ಪಾಯಿಖಾನೆಯಲ್ಲಿ ಡೈಪರ್ ಬದಲಿಸುವ ಹಲಗೆ ಇದೆಯೇ ಎಂದು ಕೇಳಿದರೆ, ಗಂಡಸರ ಕಡೆ ಇದೆಯೋ ಹೆಂಗಸರ ಕಡೆ ಮಾತ್ರವೋ ಎಂದೂ ಹೇಳಬೇಕಿತ್ತು. ಜಾರುಬಂಡೆ ತಗಡಿನದೋ ಪ್ಲಾಸ್ಟಿಕ್ಕಿನದೋ, ಜುಲೈ ಬಿಸಿಲಿಗೆ ಅಂಡು ಸುಡುತ್ತದೋ ಇಲ್ಲವೋ ಎಂದೂ.

ನಲವತ್ತು ವರ್ಷ ಲಾರಿ ಓಡಿಸಿದ ಎಮಿಲ್ ಒಬ್ಬನೇ ತಕರಾರು ತೆಗೆದವನು. ಅವನು ಯಾರ್ಡಿಗೆ ಬಂದಾಗ ನೇರ ಅವಳ ಮೇಜಿನೆದುರು ಬಂದು ನಿಂತ.

"ಲೊರೆಟಾ, ನಂಗೆ ಅರವತ್ಮೂರು. ಹಲ್ಲು ಕಮ್ಮಿ, ಗಡ್ಡ ಜಾಸ್ತಿ. ನಾನು ಪಾರ್ಕಲ್ಲಿ ಮಕ್ಕಳ ಉಯ್ಯಾಲೆ ನೋಡ್ತಾ ನಿಂತ್ರೆ ಯಾವಳಾದ್ರೂ ಪೊಲೀಸರನ್ನ ಕರೀತಾಳೆ."

"ನಿಂತು ನೋಡು ಅಂದೋರು ಯಾರು? ತಳ್ಳಿ ನೋಡು. ಸರಪಳಿ ತುಕ್ಕು ಹಿಡಿದಿದೆಯಾ ಅಂತ."

"ಜೈಲಿಗೆ ಹಾಕಿದ್ರೆ?"

"ಜೈಲಲ್ಲಿ ಡೈಪರ್ ಬದಲಿಸೋ ಹಲಗೆ ಇದೆಯಾ ನೋಡ್ಕೊಂಡು ಬಾ."

ಎಮಿಲ್ ಹೋಗಿ ತಳ್ಳಿ ನೋಡಿದ. ಮ್ಯಾರಥಾನ್ ಊರಿನ ಉಯ್ಯಾಲೆಗೆ ತನ್ನ ಡಬ್ಬಿಯಿಂದ ಎಣ್ಣೆಯನ್ನೂ ಹಾಕಿ ಬಂದ. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಅವಳನ್ನು ಮಣ್ಣು ಮಾಡಿ ಬಂದ ದಿನ ಮಾತ್ರ ಹೇಳಿದ.

ಇದನ್ನೆಲ್ಲ ಅವಳು ಪ್ರೀತಿಯಿಂದ ಮಾಡಿದಳು ಎಂದು ಚರ್ಚಿನಲ್ಲಿ ಪಾದ್ರಿ ಹೇಳಿದರು. ಪಾದ್ರಿ ಆ ಕಚೇರಿಗೆ ಬಂದಿರಲಿಲ್ಲ. ಅವಳು ಮಾಡಿದ್ದು ಸಿಟ್ಟಿನಿಂದ. ಹಲ್ಲು ಕಚ್ಚಿಕೊಂಡು ಮಾಡಿದಳು. ನನ್ನನ್ನು ಬಿಟ್ಟು ಹೋಗುತ್ತಾರಂತೆ, ಹೋಗಲಿ, ಒಂದೊಂದು ನಿಲ್ದಾಣದಲ್ಲೂ ಇದನ್ನು ಹುಡುಕಿದವಳು ಯಾರು ಎಂದು ನೆನೆಯುತ್ತ ಹೋಗಲಿ ಎಂದು ನೊರೀನ್‌ಗೆ ಹೇಳಿದಳು. ಯೋಜನೆಯ ಮೊದಲ ಪುಟದ ಮೇಲ್ತುದಿಯಲ್ಲಿ 'ಜನ: 3' ಎಂದು ಬರೆದಳು. ಆ ಅಂಕಿಯನ್ನು ಎಷ್ಟು ಒತ್ತಿ ಬರೆದಿದ್ದಳೆಂದರೆ ಕೆಳಗಿನ ಎರಡು ಪುಟದಲ್ಲೂ ಅದರ ಗುರುತು ಮೂಡಿತ್ತು.

ಆದರೆ ಬರೆಯುತ್ತ ಹೋದಂತೆ ಆ ಯೋಜನೆ ಬದಲಾಗುತ್ತ ಹೋಯಿತು. ನಾಲ್ಕು ದಿನ ಒಂಬತ್ತು ದಿನವಾಯಿತು. ದಿನಕ್ಕೆ ನಾನೂರ ಇಪ್ಪತ್ತು ಕಿಲೋಮೀಟರು ದಾಟುತ್ತಿರಲಿಲ್ಲ. ಪ್ರತಿ ಗಂಟೆಯ ದಾರಿಗೆ ಒಂದಲ್ಲ, ಎರಡು ನಿಲ್ದಾಣ. 'ಎದ್ದಿದ್ದರೆ ಇಲ್ಲಿ. ಮಲಗಿದ್ದರೆ ಎಬ್ಬಿಸಬೇಡಿ, ಮುಂದಿನದಕ್ಕೆ ಹೋಗಿ.' 'ಇಲ್ಲಿ ನಾಯಿ ಇದೆ, ಕಚ್ಚುವುದಿಲ್ಲ, ಹೆಸರು ಡಚೆಸ್.' 'ಈ ಕೆಫೆಯ ಹೆಂಗಸಿಗೆ ಮಗು ಚೆಲ್ಲಿದರೆ ಬೇಜಾರಿಲ್ಲ.' ಡ್ರೈವರುಗಳು ತಂದು ಸುರಿದದ್ದೆಲ್ಲ ಅದರಲ್ಲಿತ್ತು.

ಸುಪೀರಿಯರ್ ಸರೋವರದ ದಂಡೆಗುಂಟ ವಾವಾ ಎಂಬ ಊರು ದಾಟಿದ ಮೇಲೆ ಮಾತ್ರ ಒಂದು ದೊಡ್ಡ ತುಂಡು ಖಾಲಿ ಉಳಿಯಿತು. ಬಂಡೆ, ಕಾಡು, ನೀರು, ಮತ್ತೆ ಬಂಡೆ. ಉಯ್ಯಾಲೆಯೂ ಇಲ್ಲ, ಊರೂ ಇಲ್ಲ. ಹಲಗೆಯ ಮೇಲಿನ ಆ ಖಾಲಿ ಜಾಗವನ್ನು ಅವಳು ದಿನವೂ ಶಪಿಸಿದಳು.

ಜೂನ್ ಹನ್ನೆರಡಕ್ಕೆ ಮಾಲೀಕ ಅವಳ ಮೇಜಿನ ಬಳಿ ಬಂದ. ಮೊದಲು ಹಲಗೆ ನೋಡಿದ. ಇದು ಕಂಪನಿಯ ಹೊತ್ತಲ್ಲವೇ ಎಂದು ಅನುಮಾನಿಸುತ್ತ ಕೇಳಿದ. ಆಮೇಲೆ ಬಂದ ಕೆಲಸ ಹೇಳಿದ. ಜುಲೈನಲ್ಲಿ ಲೋಡು ಹೆಚ್ಚಿದೆ, ಬದಲಿ ಜನ ಸಿಕ್ಕಿಲ್ಲ.

"ಹೇಗೂ ನೀವು ಹೋಗ್ತಿಲ್ವಂತೆ. ರಜೆ ವಾಪಸ್ ಕೊಟ್ರೆ ಅನುಕೂಲ ಆಗ್ತಿತ್ತು."

ಲೊರೆಟಾ ಕುರ್ಚಿಯಿಂದ ಏಳಲೂ ಇಲ್ಲ. "ಆ ಎರಡು ವಾರ ನಂದು. ಮನೇಲಿ ಗೋಡೆ ನೋಡ್ತಾ ಕೂರ್ತೀನಿ. ಗೋಡೆನೂ ನಂದೇ."

ಅವನು ಹೋದ. ಆದರೆ ಅವನು ಕೇಳಿದ್ದು ಅವಳ ತಲೆಯಲ್ಲಿ ಕೂತಿತು. ಹದಿನಾಲ್ಕರಿಂದ ಅವಳಿಗೆ ತಲೆನೋವು. ಬಲಗಣ್ಣಿನ ಹಿಂದೆ ಮೊಳೆ ಹೊಡೆದಂತೆ ಎಂದಳು. ಕ್ಲಿನಿಕ್ಕಿಗೆ ಹೋಗು ಎಂದು ನೊರೀನ್ ಮೂರು ದಿನವೂ ಹೇಳಿದಳು, ಕೊನೆಗೆ ಕಾರಿನ ಕೀಲಿ ಕೈಗೆತ್ತಿಕೊಂಡು ಎದುರಿಗೆ ನಿಂತಳು. ಈಗ ಅರ್ಧ ದಿನ ರಜೆ ಕೇಳಿದರೆ ಮಾಲೀಕ ಅದನ್ನೇ ಹಿಡಿದುಕೊಂಡು ಜುಲೈಯದನ್ನು ಕತ್ತರಿಸುತ್ತಾನೆ ಎಂದು ಲೊರೆಟಾ ಮಾತ್ರೆ ನುಂಗಿದಳು. ಹೋಗದ ಪ್ರಯಾಣದ ರಜೆಯನ್ನು ಕಾಯಲು ಅವಳು ಡಾಕ್ಟರ ಹತ್ತಿರ ಹೋಗಲಿಲ್ಲ. ಇದಕ್ಕೆ ಯಾರನ್ನು ಬೈಯಬೇಕು? ಅವನನ್ನೂ ಬೈಯಬೇಕು, ಅವಳನ್ನೂ ಬೈಯಬೇಕು, ಕೀಲಿ ಹಿಡಿದು ನಿಂತು ಮತ್ತೆ ಮೇಜಿನ ಮೇಲಿಟ್ಟ ನೊರೀನ್‌ಳನ್ನೂ ಬೈಯಬೇಕು.

ಹದಿನೈದಕ್ಕೆ ಅವಳು ಯೋಜನೆಯನ್ನು ಮಗಳ ಮನೆಯ ಅಂಚೆ ಡಬ್ಬಿಗೆ ಹಾಕಿ, ಬಾಗಿಲು ಬಡಿಯದೆ ಬಂದಳು. ಆ ಖಾಲಿ ತುಂಡಿಗೆ 'ಇನ್ನೂ ಹುಡುಕುತ್ತಿದ್ದೇನೆ' ಎಂದು ಬರೆದಿದ್ದಳು.

ಹದಿನಾರರ ಸಂಜೆ ಐದಕ್ಕೆ, ಅವಳು ಮನೆಗೆ ಹೊರಡಲು ಕೋಟು ಹಾಕಿಕೊಳ್ಳುತ್ತಿದ್ದಾಗ ಜನೆಲ್ ಫೋನು ಮಾಡಿದಳು. ಪರೀಕ್ಷೆಯ ಓಟದ ದಿನದಿಂದ ತಾಯಿ ಮಗಳು ಮಾತಾಡಿರಲಿಲ್ಲ. ಲೊರೆಟಾ ಸ್ಪೀಕರಿಗೆ ಹಾಕಿದಳು, ಒಂದು ತೋಳು ಇನ್ನೂ ಕೋಟಿನ ಹೊರಗಿತ್ತು.

"ಓದಿದೆ" ಎಂದಳು ಜನೆಲ್. "ಹದಿನಾಲ್ಕು ಪುಟ."

"ಹ್ಞೂಂ."

"ಎಲ್ಲೂ ಸಮಯ ಬರೆದಿಲ್ಲ."

"ಇಲ್ಲ."

"ಎಷ್ಟು ಹೊತ್ತಿಗೆ ಎಲ್ಲಿ ಅಂತ ಒಂದು ಕಡೆನೂ ಇಲ್ಲ. ಮೈ ಹುಷಾರಿದೆ ತಾನೇ ನಿಂಗೆ?"

"ತಲೆನೋವು. ಮಾತ್ರೆ ತಗೊಂಡಿದೀನಿ."

ಆ ಕಡೆ ಮಗುವಿನ ಗದ್ದಲ ಕೇಳಿಸಿತು. ಯಾವುದೋ ಪಾತ್ರೆಯನ್ನು ನೆಲಕ್ಕೆ ಬಡಿಯುತ್ತಿತ್ತು.

"ರೆನ್ ಪಕ್ಕದ ಸೀಟಲ್ಲಿ ಡೈಪರ್ ಚೀಲ ಇಡೋಣ ಅಂತಿದ್ವಿ" ಎಂದಳು ಜನೆಲ್.

"ಇಟ್ಕೊಳ್ಳಿ. ಕೈಗೆ ಸಿಗೋ ಹಾಗಿರಬೇಕು."

"ಚೀಲ ಡಿಕ್ಕಿಗೂ ಹೋಗುತ್ತೆ."

"ನನ್ನ ಕರೀತಿದೀಯೋ, ಡಿಕ್ಕೀಲಿ ಜಾಗ ಇದೆ ಅಂತ ಹೇಳ್ತಿದೀಯೋ?"

"ಕರೀತಿಲ್ಲ. ನನ್ನ ಸಿಟ್ಟು ಇನ್ನೂ ಹೋಗಿಲ್ಲ ಅಮ್ಮ."

"ನಂದೂ ಹೋಗಿಲ್ಲ."

"ನಾಳೆ ಹೇಳ್ತೀನಿ."

ಅಷ್ಟರಲ್ಲಿ ಮಗು ಫೋನನ್ನು ಕಿತ್ತುಕೊಂಡಿರಬೇಕು. ದೊಡ್ಡ ಉಸಿರು, ಆಮೇಲೆ ಜೋರಾಗಿ, "ಓಮಾ. ಓಮಾ ಎಲ್ಲಿ?"

ಅಜ್ಜಿ ಎಲ್ಲಿದ್ದಾಳೆ ಎಂದು ಮಗು ಕೇಳಿತು. ಮೂವತ್ತೊಂದು ವರ್ಷ ಊರವರನ್ನೆಲ್ಲ ಅದನ್ನೇ ಕೇಳಿದವಳು ತಿರುಗಿ ಹಲಗೆಯನ್ನು ನೋಡಿದಳು. ಕಚೇರಿಯಲ್ಲಿದ್ದೀನಿ ಮರಿ ಎಂದಳು ಕೊನೆಗೆ. ಫೋನಿಟ್ಟು, ಕೋಟಿನ ಇನ್ನೊಂದು ತೋಳು ಸಿಗದೆ ಕೋಟನ್ನೇ ಬೈದಳು.

ಮರುದಿನ ಬೆಳಿಗ್ಗೆ ಎಂದಿನಂತೆ ಐದೂ ಮುಕ್ಕಾಲಿಗೆ ಬಂದಳು. ಮುಖ ಬೂದಿಯಂತಿತ್ತು. ಕಿಟಕಿಯ ಪರದೆ ಎಳೆದಳು, ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದಳು. ಹನ್ನೊಂದು ಡ್ರೈವರುಗಳ ಫೋನು ತೆಗೆದುಕೊಂಡಳು. ಹನ್ನೊಂದು ಜನಕ್ಕೂ ಬೈದಳು. ಏಳು ಗಂಟೆ ದಾಟಿದ ಮೇಲೆ ಅವಳ ಸ್ವಂತ ಫೋನಿಗೆ ಜನೆಲ್‌ಳ ಸಂದೇಶ ಬಂತು. ಮೂರೇ ಪದ. 'ಚೀಲ ಡಿಕ್ಕಿಗೆ ಹೋಯಿತು.'

ಲೊರೆಟಾ ಅದನ್ನು ಓದಿದಳು. ನೊರೀನ್ ಕಡೆ ತಿರುಗಿಸಿ ತೋರಿಸಿದಳು, ತೋರಿಸಿದ್ದಕ್ಕೆ ತಾನೇ ಸಿಟ್ಟಾದವಳಂತೆ ತಕ್ಷಣ ಕಿತ್ತುಕೊಂಡಳು. ಮೇಜಿನ ಖಾನೆಯಿಂದ ತನ್ನ ಪ್ರತಿಯ ಮೊದಲ ಪುಟ ತೆಗೆದು, 'ಜನ: 3' ಎಂಬುದರ ಮೇಲೆ ನಾಲ್ಕು ಎಂದು ತಿದ್ದಿದಳು. ಹಳೆಯ ಅಂಕಿ ಅಷ್ಟು ಆಳಕ್ಕೆ ಇಳಿದಿತ್ತು, ಮೂರು ಸಲ ತಿದ್ದಬೇಕಾಯಿತು.

ಆಗ ಹರದೇವ್ ಫೋನು ಮಾಡಿದ. ವಾವಾದಿಂದ ಮುಂದೆ ಎಂಬತ್ತು ಕಿಲೋಮೀಟರಿನಲ್ಲಿದ್ದ. ಎಂಟು ಗಂಟೆ ಉಳಿದಿದೆ, ರಸ್ತೆ ಒಣಗಿದೆ ಎಂದ. ನಾಲ್ಕನೆಯ ಪ್ರಶ್ನೆಗೆ ಕಾಯದೆ, ಉಯ್ಯಾಲೆ ಇಲ್ಲ ಬಾಸ್, ಆದರೆ ಸಿಕ್ಕಿತು ಎಂದ. ರಸ್ತೆಯಿಂದ ಇನ್ನೂರು ಹೆಜ್ಜೆ ಒಳಗೆ, ಮರಗಳ ಹಿಂದೆ ಸರೋವರದ ದಂಡೆ. ಮರಳು. ನಾನೇ ಬೂಟು ಬಿಚ್ಚಿ ಇಳಿದು ನೋಡಿದೆ, ಬಹಳ ದೂರದವರೆಗೆ ನೀರು ಪಾದ ಮುಳುಗುವಷ್ಟೇ ಇದೆ ಎಂದ.

"ಕಲ್ಲು?"

"ಇದೆ. ನುಣ್ಣಗಿದೆ."

"ಎಷ್ಟು ದೊಡ್ಡದು? ಬಾಯಿಗೆ ಹಾಕ್ಕೊಳ್ಳೋ ಅಷ್ಟು ಚಿಕ್ಕದಿದೆಯಾ?"

ಬಗ್ಗಿ ಆರಿಸಿದ ಸದ್ದು ಕೇಳಿಸಿತು. "ಇಲ್ಲ. ನನ್ನ ಮುಷ್ಟಿಯಷ್ಟಿದೆ."

"ನಿನ್ನ ಮುಷ್ಟಿ ಯಾವ ಲೆಕ್ಕ. ಮಗುವಿನ ಮುಷ್ಟಿ ಹೇಳು."

"ಮಗು ಎರಡೂ ಕೈಯಲ್ಲಿ ಎತ್ತಬೇಕು ಬಾಸ್. ಎತ್ತಿ ನೀರಿಗೆ ಹಾಕುತ್ತೆ. ಬೇರೆ ಏನೂ ಬೇಡ ಅದಕ್ಕೆ, ಒಂದು ಗಂಟೆ."

ಲೊರೆಟಾ ಎದ್ದು, ಒಂದು ಕೈಯಿಂದ ಗೋಡೆ ಹಿಡಿದುಕೊಂಡು, ಹಲಗೆಯ ಖಾಲಿ ಜಾಗದಲ್ಲಿ 'ಮರಳು, ದೊಡ್ಡ ಕಲ್ಲು' ಎಂದು ಬರೆದಳು. ಬಂದು ಕೂತಳು. ಹರದೇವ್ ಇನ್ನೂ ಫೋನಿಟ್ಟಿರಲಿಲ್ಲ. ಅವನ ಕಾಲ ಬಳಿ ಅಲೆ ಬಂದು ಹೋಗುವ ಸದ್ದು ಸಣ್ಣಗೆ ಬರುತ್ತಿತ್ತು.

"ಬಾಸ್, ಈಗ ಇಲ್ಲಿ ನೀರು ಹೇಗಿದೆ ಗೊತ್ತಾ..."

"ಹೇಳಬೇಡ" ಎಂದು ಲೊರೆಟಾ ಗದರಿದಳು. "ನಾನೇ ಬಂದು ನೋಡ್ತೀನಿ." ಎಂದವಳೇ ಫೋನಿಟ್ಟಳು.